ಸ್ವಿಫ್ಟ್, ಆಟೋಕ್ರಾಸ್: ಮೂರನೇ ಸುತ್ತಿಗೆ ಬ್ರೇಕ್ ಪೆಡಲ್ ತಳಕ್ಕೆ ಹೋಗ್ತಾ ಉಂಟು

ಕಾಪು_ಕೆಂಪುಸ್ವಿಫ್ಟ್:

ಗಾಡಿ 2012ರ ಸ್ವಿಫ್ಟ್ ವಿಎಕ್ಸ್‌ಐ ಪೆಟ್ರೋಲ್, ಎಬಿಎಸ್ ಇಲ್ಲ, 86,000 ಕಿ.ಮೀ. ಮುಂದೆ ಡಿಸ್ಕ್, ಹಿಂದೆ ಡ್ರಮ್. ಎರಡು ವಾರದಲ್ಲಿ ಮಣ್ಣಿನ ಆಟೋಕ್ರಾಸ್ (ಗಡಿಯಾರ ಇಟ್ಟು ಸುತ್ತು ಹೊಡೆಯುವ ಕಾರ್ ಸ್ಪರ್ಧೆ) ಉಂಟು.

ಇಲ್ಲಿವರೆಗೆ ಮಾಡಿದ್ದು: ಮುಂದಿನ ಪ್ಯಾಡ್ ಹೊಸತು, ಸಂಪ್ ಗಾರ್ಡ್ (ಇಂಜಿನ್ ತಳಕ್ಕೆ ರಕ್ಷಣೆಯ ತಗಡು), ಹಿಂದಿನ ಸೀಟ್ ತೆಗೆದದ್ದು. ಹ್ಯಾಂಡ್‌ಬ್ರೇಕ್ ಕೂಡ ಬಿಗಿ ಮಾಡಿಸಿದ್ದೇನೆ, ಈಗ ಎರಡೇ ಕ್ಲಿಕ್‌ಗೆ ಹಿಡಿಯುತ್ತದೆ. ಬ್ರೇಕ್ ಆಯಿಲ್ ಮಾತ್ರ ಮೂರು ವರ್ಷ ಹಳೆಯದು, ಡಾಟ್ 3 ದರ್ಜೆಯದ್ದು.

ಕಾರ್ಕಳದ ಹತ್ತಿರ ಒಂದು ಕೆಂಪು ಮಣ್ಣಿನ ಜಾಗದಲ್ಲಿ ಅಭ್ಯಾಸ. ಸುತ್ತಿಗೆ ತೊಂಬತ್ತು ಸೆಕೆಂಡ್, ಹತ್ತು ಸಲ ಬ್ರೇಕ್, 60ಕ್ಕಿಂತ ಹೆಚ್ಚು ಸ್ಪೀಡ್ ಹೋಗುವುದಿಲ್ಲ. ಎರಡು ಸುತ್ತು ಸರಿ. ಮೂರನೆಯದಕ್ಕೆ ಪೆಡಲ್ ಮೆತ್ತಗಾಗಿ ಮ್ಯಾಟ್‌ವರೆಗೆ ಇಳಿಯುತ್ತದೆ, ಮುಕ್ಕಾಲು ಗಂಟೆ ನಿಲ್ಲಿಸಿದರೆ ತನ್ನಷ್ಟಕ್ಕೆ ಸರಿ. ಲೀಕ್ ಎಲ್ಲೂ ಕಾಣುವುದಿಲ್ಲ. ರೇಸಿಂಗ್ ಪ್ಯಾಡ್ ತಗೊಳ್ಳಬೇಕಾ?

ಪಣಂಬೂರು_ಪೆಡಲ್:

ಪ್ಯಾಡ್‌ಗೆ ದುಡ್ಡು ಹಾಕುವ ಮೊದಲು ಪೆಡಲ್ ಏನು ಹೇಳುತ್ತದೆ ಕೇಳಿ. ಕಲ್ಲಿನ ಹಾಗೆ ಗಟ್ಟಿ ಇದ್ದೂ ಗಾಡಿ ನಿಲ್ಲದಿದ್ದರೆ ಪ್ಯಾಡ್ ಸುಟ್ಟಿದೆ. ಮೆತ್ತಗಾಗಿ ಕೆಳಗಿಳಿದು, ತಣಿದ ಮೇಲೆ ವಾಪಸ್ ಬಂದರೆ ಆಯಿಲ್ ಕುದಿದಿದೆ. ಮೊದಲ ತುಳಿತಕ್ಕೆ ಉದ್ದ, ಎರಡನೆಯದಕ್ಕೆ ಸರಿ ಅಂದರೆ ವೀಲ್ ಬೇರಿಂಗ್ ಸಡಿಲ ಅಥವಾ ಹಿಂದಿನ ಶೂ (ಡ್ರಮ್ಮಿಗೆ ಒಳಗಿಂದ ಒತ್ತುವ ಭಾಗ) ಅಂತರ ಜಾಸ್ತಿ. ಇಂಜಿನ್ ಆಫ್ ಮಾಡಿ ಒಂದು ನಿಮಿಷ ಒತ್ತಿ ಹಿಡಿದಾಗ ಮೆಲ್ಲ ಮೆಲ್ಲ ಇಳಿದರೆ, ಹೊರಗೆ ಹನಿಯೂ ಇಲ್ಲದಿದ್ದರೆ, ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್‌ನ ಒಳಗಿನ ಸೀಲ್ ಹೋಗಿದೆ.

ನಿಮ್ಮದು ಎರಡನೆಯದು, ಆಯಿಲ್ ಕುದಿದದ್ದು. ಹೊಸ ಡಾಟ್ 3 ಕುದಿಯುವುದು ಕನಿಷ್ಠ 205 ಡಿಗ್ರಿಗೆ, ಶೇ 3.7 ನೀರು ಹೀರಿಕೊಂಡದ್ದು 140ಕ್ಕೇ. ಡಾಟ್ 4ಕ್ಕೆ ಅದೇ ಲೆಕ್ಕ 230 ಮತ್ತು 155. ಮೂರು ಮಳೆಗಾಲ ಕಂಡ ಆಯಿಲ್ ಅಂದರೆ ನಮ್ಮ ಊರಲ್ಲಿ ಅರ್ಧ ಕಷಾಯ.

ಘಾಟಿ_ಮೂರನೇಗೇರ್:

ಆಯಿಲ್ ಬದಲಿಸಬೇಕು, ಸರಿ. ಆದರೆ ಈ ಸ್ಪೀಡಿಗೆ ಕುದಿಯಬಾರದಿತ್ತು ಮಾರಾಯ್ರೆ. ಲೆಕ್ಕ ನೋಡಿ. ಚಾಲಕ ಸೇರಿ 1,050 ಕೆ.ಜಿ. ಅಂತ ಇಟ್ಟುಕೊಳ್ಳಿ. 60ರಿಂದ 20ಕ್ಕೆ ಇಳಿಸಿದರೆ ಸುಮಾರು 130 ಕಿಲೋಜೂಲ್ ಶಾಖ. ಅದರ ಮುಕ್ಕಾಲು ಪಾಲು ಮುಂದಿನ ಎರಡು ಡಿಸ್ಕ್‌ಗೆ. ಒಂದೊಂದು 5 ಕೆ.ಜಿ. ಇದ್ದರೆ ಪ್ರತಿ ಬ್ರೇಕಿಗೆ 21 ಡಿಗ್ರಿ ಏರಿಕೆ. ಹತ್ತು ಬ್ರೇಕಿಗೆ 210 ಅನ್ನಿ, ಅದೂ ಗಾಳಿಗೆ ಸ್ವಲ್ಪವೂ ತಣಿಯದಿದ್ದರೆ. ಮಣ್ಣಿನಲ್ಲಿ ಟಯರ್ ಜಾರುವುದರಿಂದ ಇಷ್ಟೂ ಡಿಸ್ಕ್‌ಗೆ ಬರುವುದಿಲ್ಲ, ಮತ್ತು ಡಿಸ್ಕ್ ಬಿಸಿಯಾದಷ್ಟು ಪ್ಯಾಡ್ ಒತ್ತುವ ಕ್ಯಾಲಿಪರ್ ಒಳಗಿನ ಆಯಿಲ್ ಬಿಸಿಯಾಗುವುದಿಲ್ಲ.

ಹಾಗಾದರೆ ಎಲ್ಲೋ ಒಂದು ಚಕ್ರ ಬ್ರೇಕ್ ಬಿಟ್ಟ ಮೇಲೂ ಉಜ್ಜುತ್ತಾ ಇರಬೇಕು. ನನ್ನ ಅನುಮಾನ ಆ ಎರಡು ಕ್ಲಿಕ್ ಹ್ಯಾಂಡ್‌ಬ್ರೇಕ್ ಮೇಲೆ. ಇನ್‌ಫ್ರಾರೆಡ್ ಗನ್ ಸಿಕ್ಕಿದರೆ ಎರಡು ಸುತ್ತು ಹೊಡೆದು ಕೂಡಲೇ ನಾಲ್ಕೂ ಚಕ್ರ ಅಳೆಯಿರಿ. ಹೊಳೆಯುವ ಡಿಸ್ಕ್ ಮೇಲೆ ಗನ್ ಕಡಿಮೆ ತೋರಿಸುತ್ತದೆ, ತುಕ್ಕು ಹಿಡಿದ ಡ್ರಮ್ ಮೇಲೆ ಹೆಚ್ಚು ಕಡಿಮೆ ಸರಿ.

ಕಾಪು_ಕೆಂಪುಸ್ವಿಫ್ಟ್:

ಅಳೆದೆ. ಮುಂದೆ ಎಡ 150, ಬಲ 155. ಹಿಂದೆ ಬಲ 120. ಹಿಂದೆ ಎಡ 240! ಜಾಕ್ ಹಾಕಿ ತಿರುಗಿಸಿದರೆ ಎಡಗಡೆಯದು ಅರ್ಧ ಸುತ್ತಿಗೇ ನಿಲ್ಲುತ್ತದೆ, ಹ್ಯಾಂಡ್‌ಬ್ರೇಕ್ ಪೂರ್ತಿ ಕೆಳಗಿದ್ದರೂ.

ಘಾಟಿ_ಮೂರನೇಗೇರ್:

ಸಿಕ್ಕಿತು. ಲಿವರ್ ಹತ್ತಿರದ ನಟ್ ತಿರುಗಿಸಿ ಹ್ಯಾಂಡ್‌ಬ್ರೇಕ್ ಬಿಗಿ ಮಾಡುವುದು ಎಲ್ಲರೂ ಮಾಡುವ ತಪ್ಪು. ಡ್ರಮ್ಮಿನೊಳಗೆ ಕೇಬಲ್ ಎಳೆಯುವ ಸಣ್ಣ ಲಿವರ್ ಒಂದು ಉಂಟು. ಬಿಟ್ಟಾಗ ಅದು ತನ್ನ ತಡೆಗೆ ಬಂದು ಕೂರಬೇಕು. ಕೇಬಲ್ ಬಿಗಿ ಇದ್ದರೆ ಕೂರುವುದಿಲ್ಲ, ಶೂ ಯಾವಾಗಲೂ ತುಸು ಹೊರಗೆ, ಶೂ ಅಂತರ ತಾನೇ ಸರಿ ಮಾಡುವ ಸೆಲ್ಫ್ ಅಡ್ಜಸ್ಟರ್‌ಗೂ ಕೆಲಸ ಇಲ್ಲ. ಅದರ ಮೇಲೆ ಡ್ರಮ್ ಕಾದು ಹಿಗ್ಗುತ್ತದೆ: 200 ಮಿ.ಮೀ. ಡ್ರಮ್ 200 ಡಿಗ್ರಿ ಏರಿದರೆ ವ್ಯಾಸ 0.4 ಮಿ.ಮೀ. ಜಾಸ್ತಿ. ಆಯಿಲ್ ಕುದಿಯುವ ಮೊದಲೇ ಪೆಡಲ್ ಉದ್ದ ಆಗಲು ಅದೂ ಒಂದು ಕಾರಣ.

ಆದರೆ ನಟ್ ಎರಡೂ ಕೇಬಲ್ಲಿಗೆ ಒಂದೇ. ಎಡ ಮಾತ್ರ ಹಿಡಿದಿದೆ ಅಂದರೆ ಎಡ ಕೇಬಲ್ ಕವಚದೊಳಗೆ ತುಕ್ಕು ಹಿಡಿದು ವಾಪಸ್ ಜಾರುತ್ತಿಲ್ಲ, ಇಲ್ಲವೇ ಶೂ ತಳ್ಳುವ ವೀಲ್ ಸಿಲಿಂಡರ್ ಪಿಸ್ಟನ್ ಕಚ್ಚಿದೆ. ಮೊದಲು ಲಿವರ್ ಬಳಿಯ ನಟ್ ಪೂರ್ತಿ ಸಡಿಲ ಮಾಡಿ ಚಕ್ರ ತಿರುಗಿಸಿ. ಆಗಲೂ ಬಿಗಿ ಇದ್ದರೆ ಡ್ರಮ್ ಬಿಚ್ಚಿ ಕೇಬಲ್ ತುದಿ ಕಳಚಿ ನೋಡಿ. ಕಳಚಿದ ಮೇಲೆ ಶೂ ಒಳಗೆ ಬಂದರೆ ಕೇಬಲ್ಲಿನದ್ದೇ ತಪ್ಪು. ಕೇಬಲ್ ಒಳಗೆ ಎಣ್ಣೆ ಬಿಟ್ಟು ರಿಪೇರಿ ಮಾಡಲು ಹೋಗಬೇಡಿ, ಎರಡು ವಾರದಲ್ಲಿ ಮಣ್ಣು ಅಂಟಿಕೊಂಡು ಮೊದಲಿಗಿಂತ ಕಷ್ಟ. ಹೊಸತು ಹಾಕಿ.

ಡ್ರಮ್ ಬಿಚ್ಚುವಾಗ ಜಾಗ್ರತೆ. ಕೆಲವು ಮಾದರಿಗಳಲ್ಲಿ ಬೇರಿಂಗ್ ಡ್ರಮ್ಮಿನಲ್ಲೇ ಕೂತಿರುತ್ತದೆ, ಮಧ್ಯದ ದೊಡ್ಡ ನಟ್ ಬಿಚ್ಚಬೇಕು. ಆ ನಟ್ ಮತ್ತೆ ಬಳಸಬಾರದು, ಹೊಸತು ತಂದಿಟ್ಟುಕೊಂಡೇ ಕೈ ಹಾಕಿ.

ಪಣಂಬೂರು_ಪೆಡಲ್:

ಬಿಚ್ಚಿದ ಮೇಲೆ ಒಳಗೆ ಕೆಂಪು ಮಣ್ಣಿನ ಪೇಸ್ಟ್ ಇರುತ್ತದೆ, ಮುರಕಲ್ಲಿನ ಪುಡಿ ಮರಳು ಕಾಗದದ ಹಾಗೆ ತಿನ್ನುತ್ತದೆ. ಏರ್ ಹೊಡೆಯಬೇಡಿ, ಆ ಧೂಳು ಶ್ವಾಸಕೋಶಕ್ಕೆ. ನೀರಿನಲ್ಲಿ ತೊಳೆದು ಬ್ರೇಕ್ ಕ್ಲೀನರ್ ಹೊಡೆಯಿರಿ. ವೀಲ್ ಸಿಲಿಂಡರ್‌ನ ರಬ್ಬರ್ ಟೊಪ್ಪಿ ಮೆಲ್ಲ ಎತ್ತಿ ನೋಡಿ, ಒಳಗೆ ಒದ್ದೆ ಇದ್ದರೆ ಸಿಲಿಂಡರ್ ಬದಲಿಸಿ. 240 ಡಿಗ್ರಿ ಕಂಡ ಸೀಲ್ ಒಣಗಿದ್ದರೂ ನಾನಾದರೆ ಬದಲಿಸುತ್ತೇನೆ. ಶೂ ಲೈನಿಂಗ್ 2 ಮಿ.ಮೀ.ಗಿಂತ ಕಡಿಮೆ ಇದ್ದರೆ ಅಥವಾ ಮೇಲ್ಮೈ ಗಾಜಿನ ಹಾಗೆ ಹೊಳೆಯುತ್ತಿದ್ದರೆ ಎರಡೂ ಬದಿ ಒಟ್ಟಿಗೆ ಹೊಸತು. ಶೂ ಉಜ್ಜುವ ಪ್ಲೇಟಿನ ಜಾಗಗಳಿಗೆ ಬ್ರೇಕ್ ಗ್ರೀಸ್ ಅಕ್ಕಿಕಾಳಿನಷ್ಟೇ ಸಾಕು.

ಜೋಡಿಸುವ ಕ್ರಮ ಮುಖ್ಯ. ಕೇಬಲ್ ಸಡಿಲವಾಗಿಯೇ ಇಟ್ಟು ಡ್ರಮ್ ಹಾಕಿ. ಆಮೇಲೆ ಬ್ರೇಕ್ ಪೈಪಿನೊಳಗಿನ ಏರ್ ತೆಗೆಯಿರಿ. ಆಮೇಲೆ ಪೆಡಲ್ ಇಪ್ಪತ್ತು ಮೂವತ್ತು ಸಲ ತುಳಿದು ಅಡ್ಜಸ್ಟರ್ ತನ್ನ ಜಾಗಕ್ಕೆ ಬರಲಿ. ಎಲ್ಲಾ ಮುಗಿದ ಮೇಲೆ ಕೇಬಲ್ ನಟ್, ಐದರಿಂದ ಏಳು ಕ್ಲಿಕ್‌ಗೆ ಹಿಡಿದರೆ ಸಾಕು. ಆಟೋಕ್ರಾಸ್ ತಿರುವಿಗೆ ಎರಡು ಕ್ಲಿಕ್ ಬೇಡ, ಶೂ ಸರಿ ಇದ್ದರೆ ಐದರಲ್ಲೂ ಚಕ್ರ ಲಾಕ್ ಆಗುತ್ತದೆ.

ಮಲ್ಪೆ_ಉಪ್ಪುಗಾಳಿ:

ಏರ್ ತೆಗೆಯುವ ಬಗ್ಗೆ ನಾಲ್ಕು ಮಾತು. ಡಾಟ್ 4ರ ಅರ್ಧ ಲೀಟರ್ ಡಬ್ಬಿ ಎರಡು ತನ್ನಿ, ಸೀಲ್ ಒಡೆಯದ್ದು. ಡಾಟ್ 5 ಅಂತ ಕೊಟ್ಟರೆ ಬೇಡ, ಅದು ಸಿಲಿಕೋನ್, ನಿಮ್ಮದರ ಜೊತೆ ಬೆರೆಯುವುದಿಲ್ಲ. ಉಳಿದದ್ದನ್ನು ಮುಂದಿನ ವರ್ಷಕ್ಕೆ ಎತ್ತಿಡಬೇಡಿ. ಆಯಿಲ್ ಅಂತ ನಾವು ಹೇಳುವುದಷ್ಟೆ, ಅದು ಎಣ್ಣೆ ಅಲ್ಲ. ಇಂಜಿನ್ ಆಯಿಲ್ ಸ್ವಲ್ಪ ಬೆರೆತರೂ ಸೀಲ್‌ಗಳು ಉಬ್ಬಿ ಇಡೀ ಸಿಸ್ಟಮ್ ಹಾಳು.

ಸಮುದ್ರದ ಬದಿಯ ಗಾಡಿಯಲ್ಲಿ ಏರ್ ಹೊರಬಿಡುವ ಬ್ಲೀಡರ್ ನಿಪ್ಪಲ್ ತುಕ್ಕು ಹಿಡಿದಿರುತ್ತದೆ. ಹಿಂದಿನ ದಿನವೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ, ರಿಂಗ್ ಸ್ಪ್ಯಾನರ್‌ನಲ್ಲಿ ಮೊದಲು ಒಂದು ಕೂದಲೆಳೆ ಬಿಗಿ, ಆಮೇಲೆ ಸಡಿಲ. ತುಂಡಾದರೆ ಕ್ಯಾಲಿಪರ್ ಬಿಚ್ಚುವ ಕೆಲಸ. ಮಾಸ್ಟರ್ ಸಿಲಿಂಡರಿಗೆ ದೂರದ್ದು ಮೊದಲು: ಹಿಂದೆ ಎಡ, ಹಿಂದೆ ಬಲ, ಮುಂದೆ ಎಡ, ಮುಂದೆ ಬಲ. ಬಾನೆಟ್ ಕೆಳಗಿನ ಬ್ರೇಕ್ ಆಯಿಲ್ ಡಬ್ಬಿ ಖಾಲಿಯಾಗಲು ಬಿಡಬೇಡಿ.

ಇನ್ನೊಂದು, ಹೆಚ್ಚಿನವರಿಗೆ ಗೊತ್ತಿಲ್ಲದ್ದು: ಏರ್ ತೆಗೆಯುವಾಗ ಪೆಡಲ್ ಅಡಿಗೆ ಒಂದು ಮರದ ತುಂಡು ಇಡಿ. ದಿನನಿತ್ಯದ ಓಟದಲ್ಲಿ ಪಿಸ್ಟನ್ ಮುಟ್ಟದ ಕೊನೆಯ ಭಾಗದಲ್ಲಿ ಮಾಸ್ಟರ್ ಸಿಲಿಂಡರ್ ಗೋಡೆಗೆ ತುಕ್ಕು ಕೂತಿರುತ್ತದೆ. ತಳದವರೆಗೆ ತುಳಿದರೆ ಸೀಲ್ ಅದರ ಮೇಲೆ ಹರಿದು ಕಡಿಯುತ್ತದೆ. ನಿಮ್ಮ ಪೆಡಲ್ ಈಗಾಗಲೇ ಕೆಲವು ಸಲ ತಳ ಮುಟ್ಟಿದೆ, ಹಾಗಾಗಿ ಪಣಂಬೂರಿನವರು ಹೇಳಿದ ಒಂದು ನಿಮಿಷದ ಪರೀಕ್ಷೆ ಕೊನೆಗೆ ಖಂಡಿತ ಮಾಡಿ.

ಹೊಸ ಪ್ಯಾಡ್ ಹೊಂದಿಸಲು ಹೆದ್ದಾರಿ 66ಕ್ಕೆ ಹೋಗಬೇಡಿ, ಹಿಂದೆ ಮೀನಿನ ಲಾರಿ ಇರುತ್ತದೆ. ಖಾಲಿ ರಸ್ತೆಯಲ್ಲಿ 60ರಿಂದ 10ಕ್ಕೆ ಎಂಟು ಹತ್ತು ಸಲ, ಪೂರ್ತಿ ನಿಲ್ಲಿಸದೆ, ಆಮೇಲೆ ಹತ್ತು ನಿಮಿಷ ಸುಮ್ಮನೆ ಓಡಿಸಿ ತಣಿಸಿ.

ಹಿಂದಿನ ಸೀಟ್ ತೆಗೆದದ್ದು ನೋಡಿ ಕೇಳ್ತೇನೆ, ನಾಲ್ಕು ಪಟ್ಟಿಯ ಬೆಲ್ಟ್ ಹಾಕುವ ಯೋಚನೆ ಉಂಟಾ? ಭುಜದ ಪಟ್ಟಿ ಸೀಟಿನ ಹಿಂದೆ ನೆಲಕ್ಕೆ ನೇರ ಇಳಿದರೆ ಗುದ್ದಿದಾಗ ಬೆನ್ನುಹುರಿಯನ್ನೇ ಕೆಳಕ್ಕೆ ಒತ್ತುತ್ತದೆ. ಅಡ್ಡ ರೇಖೆಯಿಂದ 45 ಡಿಗ್ರಿಗಿಂತ ಹೆಚ್ಚು ಇಳಿಯಬಾರದು. ರೋಲ್ ಕೇಜ್ (ಗಾಡಿಯೊಳಗಿನ ಪೈಪಿನ ಪಂಜರ) ಇಲ್ಲದಿದ್ದರೆ ಕಂಪನಿಯ ಬೆಲ್ಟೇ ಇರಲಿ.

ಕಾಪು_ಕೆಂಪುಸ್ವಿಫ್ಟ್:

ಬೆಲ್ಟ್ ಕಂಪನಿಯದ್ದೇ.

ಕೇಬಲ್ಲಿನದ್ದೇ ತಪ್ಪು. ತುದಿ ಕಳಚಿದ ಕೂಡಲೇ ಶೂ ಒಳಗೆ ಬಂತು, ಕೇಬಲ್ ಕೈಯಲ್ಲಿ ಎಳೆದರೂ ಜಾರುವುದಿಲ್ಲ. ಎಡ ಕೇಬಲ್, ಎರಡೂ ವೀಲ್ ಸಿಲಿಂಡರ್, ಶೂ ಸೆಟ್ ಹೊಸತು. ಹಿಂದಿನ ಎಡದಿಂದ ಮೊದಲು ಬಂದ ಆಯಿಲ್ ಕಾಫಿ ಬಣ್ಣ, ಮುಂದಿನದ್ದು ತಿಳಿ ಹಳದಿ. ಹ್ಯಾಂಡ್‌ಬ್ರೇಕ್ ಆರು ಕ್ಲಿಕ್. ಒಂದು ನಿಮಿಷ ಒತ್ತಿ ಹಿಡಿದರೂ ಪೆಡಲ್ ಇಳಿಯಲಿಲ್ಲ.

ಅದೇ ಜಾಗದಲ್ಲಿ ಸತತ ಆರು ಸುತ್ತು: ಹಿಂದೆ ಎಡ 118, ಬಲ 112. ಪೆಡಲ್ ಎತ್ತರ ಮೊದಲಿನಷ್ಟೇ.

ಘಾಟಿ_ಮೂರನೇಗೇರ್:

ಒಳ್ಳೆದಾಯ್ತು. ಸುತ್ತು ಮುಗಿಸಿ ಬಂದು ನಿಲ್ಲಿಸುವಾಗ ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಬಿಸಿ ಡ್ರಮ್ ತಣಿದು ಕುಗ್ಗುವಾಗ ಶೂ ಕಚ್ಚಿಕೊಳ್ಳುತ್ತದೆ. ಗೇರಿನಲ್ಲಿಟ್ಟು ಚಕ್ರಕ್ಕೆ ಒಂದು ಮುರಕಲ್ಲು ಕೊಡಿ. ಸ್ಪರ್ಧೆಯ ತಪಾಸಣೆಗೆ ಹೋಗುವ ಮೊದಲು ವೀಲ್ ಕ್ಯಾಪ್, ನೆಲದ ಮ್ಯಾಟ್ ತೆಗೆದಿಡಿ, ಬ್ಯಾಟರಿ ಕ್ಲಾಂಪ್ ಕೈಯಲ್ಲಿ ಅಲ್ಲಾಡಿಸಿ ನೋಡಿ.