ಹೊಸ ಇನ್ವರ್ಟರ್ ವೆಲ್ಡಿಂಗ್ ಮೆಷಿನ್: ರಾಡು ಅಂಟುತ್ತಿದೆ, ಆರ್ಕ್ ನಿಲ್ಲುತ್ತಿಲ್ಲ

ಹಾನುಬಾಳು_ಹುಡುಗ
ತಲೆ ಕೆಟ್ಟು ಹೋಗಿದೆ ಮಾರಾಯ್ರೆ. ಹಾಸನಕ್ಕೆ ಹೋಗಿ 200 ಆಂಪ್ ಇನ್ವರ್ಟರ್ ಮೆಷಿನ್ ತಂದೆ. ತೋಟದ ಗೇಟು, ಕಾಫಿ ಒಣಗಿಸುವ ತಟ್ಟೆಗೆ ಸ್ಟ್ಯಾಂಡು, ಎಲ್ಲ ನಾನೇ ಮಾಡಿಕೊಳ್ಳೋಣ ಅಂತ. ರಾಡು ಮುಟ್ಟಿಸಿದರೆ ಸಾಕು, ಅಂಟಿಕೊಂಡು ಬಿಡುತ್ತದೆ. ಕಿತ್ತು ಬಿಡಿಸುವಷ್ಟರಲ್ಲಿ ಕೆಂಪಗೆ ಕಾದು ಮೇಲಿನ ಲೇಪ ಪುಡಿಪುಡಿಯಾಗಿ ಉದುರುತ್ತದೆ. ಅಪ್ಪಿತಪ್ಪಿ ಆರ್ಕ್ ಹತ್ತಿದರೂ ಒಂದಿಂಚು ಎಳೆಯುವಷ್ಟರಲ್ಲಿ ಪಟ್ ಅಂತ ಆರುತ್ತದೆ. ಅಂಗಡಿಯಲ್ಲಿ ಚೆನ್ನಾಗಿ ಉರಿಸಿ ತೋರಿಸಿದ್ದರು. ಈಗ ಫೋನ್ ಮಾಡಿದರೆ "ನಿಮ್ಮ ಕೈ ಇನ್ನೂ ಕೂತಿಲ್ಲ" ಅಂತಾರೆ. ಮೆಷಿನ್ ವಾಪಸ್ ಕೊಡಲಾ? ಕೊಟ್ಟರೆ ಯಾವುದು ತಗೊಳ್ಳಲಿ?

ಕಡೂರು_ಗ್ಯಾರೇಜ್
ಯಾವ ರಾಡು? ಎಷ್ಟು ಗೇಜು? ಎಷ್ಟು ಆಂಪಿಗೆ ಇಟ್ಟಿದ್ದೀರಿ? ಕಬ್ಬಿಣ ಎಷ್ಟು ದಪ್ಪ? ಇದೇನೂ ಹೇಳದೆ ಕೇಳಿದರೆ ನಾವೇನು ಕಣಿ ಹೇಳಬೇಕಾ?

ಹಾನುಬಾಳು_ಹುಡುಗ
ಮಾಮೂಲಿ ರಾಡು, ಮಾಮೂಲಿ ಸ್ಕ್ವೇರ್ ಪೈಪು. ಆಂಪ್ ಎಲ್ಲ ಇಟ್ಟು ನೋಡಿ ಆಯಿತು.

ಕೊಟ್ಟಿಗೆಹಾರದ_ಮಾವ
ರಾಡಿಗೆ ತಂಡಿ ಹಿಡಿದಿದೆ. ಬೇರೆ ಏನೂ ಅಲ್ಲ. ನಮ್ಮ ಕಡೆ ಮಳೆಗಾಲದಲ್ಲಿ ಪ್ಯಾಕೆಟ್ ಒಡೆದು ಬಿಟ್ಟರೆ ಮುಗಿಯಿತು, ಬೀರುವಿನಲ್ಲಿಟ್ಟ ಬಟ್ಟೆಯೇ ಬೂಷ್ಟು ಹಿಡಿಯುತ್ತದೆ, ಇನ್ನು ರಾಡು ಬಿಡುತ್ತದಾ? ಬಚ್ಚಲ ಒಲೆ ಪಕ್ಕ ಒಂದು ರಾತ್ರಿ ಇಟ್ಟು ಬೆಳಗ್ಗೆ ಬಿಸಿ ಬಿಸಿ ರಾಡಲ್ಲಿ ವೆಲ್ಡ್ ಮಾಡಿ. ಆಮೇಲೆ ಹೇಳಿ.

ಹಾನುಬಾಳು_ಹುಡುಗ
ಒಲೆ ಪಕ್ಕ ಇಟ್ಟು ನೋಡಿದೆ ಮಾವ. ಸ್ವಲ್ಪ ವಾಸಿ ಅನ್ನಿಸಿತು. ಆದರೂ ಅದೇ ಕಥೆ.

ಕೊಟ್ಟಿಗೆಹಾರದ_ಮಾವ
ಸಾಕಾಗಿಲ್ಲ. ಓವನ್ ಇದ್ದರೆ 300 ಡಿಗ್ರಿಗೆ ಇಡಿ.

ಐಟಿಐ_ಮೇಷ್ಟ್ರು
ದಯವಿಟ್ಟು ಹಾಗೆ ಮಾಡಬೇಡಿ. 300-350 ಡಿಗ್ರಿ ಅನ್ನೋದು 7018 ರಾಡಿಗೆ. ಅದು ಲೋ ಹೈಡ್ರೋಜನ್ ರಾಡು, ತೇವ ಇದ್ದರೆ ವೆಲ್ಡ್ ಬಿರುಕು ಬಿಡುತ್ತದೆ. ಗೇಟು-ಗ್ರಿಲ್ಲಿಗೆ ಎಲ್ಲರೂ ಬಳಸುವುದು 6013. ಅದಕ್ಕೆ 100-120 ಡಿಗ್ರಿಯಲ್ಲಿ ಒಂದು ಗಂಟೆ ಸಾಕು. ಜಾಸ್ತಿ ಬೇಯಿಸಿದರೆ ಲೇಪವೇ ಹಾಳು. ಇನ್ನೊಂದು ಮಾತು: 6013 ಅಷ್ಟೊಂದು ನಾಜೂಕಿನ ರಾಡಲ್ಲ. ತೇವ ಇದ್ದರೆ ಸಿಡಿಯುತ್ತದೆ, ವೆಲ್ಡಿನಲ್ಲಿ ಸಣ್ಣ ಸಣ್ಣ ತೂತು ಕಾಣುತ್ತದೆ. ಪ್ರತಿ ಸಲ ಅಂಟಿಕೊಳ್ಳುವುದಕ್ಕೆ ಬೇರೆ ಕಾರಣ ಇರಬೇಕು. ಪ್ಯಾಕೆಟ್ ಮೇಲೆ ಏನು ಬರೆದಿದೆ ನೋಡಿ ಹೇಳಿ.

ಕೊಟ್ಟಿಗೆಹಾರದ_ಮಾವ
ಮೇಷ್ಟ್ರೇ, ನೀವು ಬಯಲುಸೀಮೆ ಹವೆಯಲ್ಲಿ ಕೂತು ಹೇಳ್ತಿದ್ದೀರಿ. ಘಾಟಿ ಪಕ್ಕ ಬಂದು ಒಂದು ಜುಲೈ ಕಳೆಯಿರಿ.

ಕಡೂರು_ಗ್ಯಾರೇಜ್
ನನ್ನನ್ನು ಕೇಳಿದರೆ ಇನ್ವರ್ಟರ್ ತಗೊಂಡಿದ್ದೇ ಬೇಡವಾಗಿತ್ತು. ನಮ್ಮಪ್ಪನ ಕಾಲದ ಆಯಿಲ್ ಕೂಲ್ಡ್ ಟ್ರಾನ್ಸ್‌ಫಾರ್ಮರ್ ಮೆಷಿನ್ ಇವತ್ತಿಗೂ ಓಡುತ್ತಿದೆ. ತಾಮ್ರದ ವೈಂಡಿಂಗ್. ನಾಲ್ಕು ಜನ ಎತ್ತಬೇಕು, ಆದರೆ ಟ್ರ್ಯಾಕ್ಟರ್ ಟ್ರೈಲರ್ ಚಾಸಿಸ್ಸನ್ನೇ ಬೆಸೆಯುತ್ತದೆ. ಈ ಡಬ್ಬದೊಳಗೆ ಇರುವುದು ಒಂದು ಬೋರ್ಡು. ಸಿಡಿಲು ಬಡಿದರೆ ಹೋಯಿತು.

ಐಜಿರೋಡ್_ವರ್ಕ್‌ಶಾಪ್
ಈ ಕಾಲದಲ್ಲಿ ಯಾರು ರಾಡು ಹಿಡಿದು ಕೂರುತ್ತಾರೆ ಗುರೂ? ಮಿಗ್ ತಗೊಳ್ಳಿ, ರಾಡಿನ ಬದಲು ವೈರು ತಾನಾಗಿ ಬರುತ್ತದೆ, ಗ್ಯಾಸ್ ವೆಲ್ಡನ್ನು ಕಾಯುತ್ತದೆ. ನನ್ನ ಶೆಡ್ಡಿನಲ್ಲಿ 250 ಆಂಪ್ ಮಿಗ್, ಸಿಓಟು ಸಿಲಿಂಡರು, 0.8 ವೈರು. ಟ್ರಿಗರ್ ಒತ್ತಿದರೆ ಆಯಿತು. ಪಕ್ಕದಲ್ಲಿ ಟಿಗ್, ಪ್ಲಾಸ್ಮಾ ಕಟರ್, ಮ್ಯಾಗ್ನೆಟಿಕ್ ಡ್ರಿಲ್. ಆಟೋ ಡಾರ್ಕ್ ಹೆಲ್ಮೆಟ್ ಎರಡು. ಬೇಕಾದರೆ ಫೋಟೋ ಹಾಕುತ್ತೇನೆ.

ಕಡೂರು_ಗ್ಯಾರೇಜ್
ಬೇಡ.

ಐಟಿಐ_ಮೇಷ್ಟ್ರು
ಮಿಗ್ ಒಳ್ಳೆಯದೇ. ಆದರೆ ತೋಟದಲ್ಲಿ ಗಾಳಿ ಬೀಸಿದರೆ ಗ್ಯಾಸ್ ಹಾರಿ ಹೋಗುತ್ತದೆ, ವೆಲ್ಡ್ ಜರಡಿಯಾಗುತ್ತದೆ. ಸಿಲಿಂಡರ್ ಮುಗಿದರೆ ತುಂಬಿಸಲು ಪೇಟೆಗೆ ಹೊತ್ತುಕೊಂಡು ಹೋಗಬೇಕು. ಬಯಲಲ್ಲಿ ಗೇಟು ರಿಪೇರಿ ಮಾಡುವವರಿಗೆ ರಾಡೇ ಸರಿ. ಇವರ ಕೆಲಸಕ್ಕೆ ಈ ಮೆಷಿನ್ ಧಾರಾಳ ಸಾಕು. ಮೊದಲು ರಾಡಿನ ನಂಬರ್ ಹೇಳಲಿ.

ಹಾನುಬಾಳು_ಹುಡುಗ
6013, 3.15 ಅಂತ ಇದೆ. ಪೈಪು ಒಂದೂವರೆ ಇಂಚಿನದು, 16 ಗೇಜು. 80ರಲ್ಲಿ ಶುರು ಮಾಡಿ 130ರ ತನಕ ಹೋದೆ, ಏನೂ ಪ್ರಯೋಜನ ಇಲ್ಲ. ಸಂಜೆ ಮೇಲಂತೂ ಅಮ್ಮ ಮಾಡೋಕೇ ಬಿಡಲ್ಲ. ನಾನು ರಾಡು ಮುಟ್ಟಿಸಿದರೆ ಸಾಕು, ಟಿವಿ ಸ್ಟೆಬಿಲೈಸರ್ ಟಕ್ ಟಕ್ ಅನ್ನುತ್ತದಂತೆ, ಧಾರಾವಾಹಿ ಹೋಗುತ್ತದಂತೆ.

ಕೊಟ್ಟಿಗೆಹಾರದ_ಮಾವ
3.15 ಅಂದರೆ 10 ಗೇಜು. ಗೇಜ್ ನಂಬರ್ ಕಮ್ಮಿ ಆದಷ್ಟೂ ದಪ್ಪ ಜಾಸ್ತಿ. 16 ಗೇಜ್ ಪೈಪಿಗೆ ಅದು ಜಾಸ್ತಿ ದಪ್ಪ. 2.5 ಎಂಎಂ ತನ್ನಿ, ಅದೇ 12 ಗೇಜು. ಹೊಸ ಪ್ಯಾಕೆಟ್ ತನ್ನಿ. ಹಳೇದು ತಂಡಿ ಹಿಡಿದಿದೆ.

ಅರಸೀಕೆರೆ_ವೈರ್‌ಮನ್
ಒಂದು ನಿಮಿಷ. ಸ್ಟೆಬಿಲೈಸರ್ ಟಕ್ ಟಕ್ ಅನ್ನೋದನ್ನು ಯಾರೂ ಗಮನಿಸಲಿಲ್ವಾ? ಮೆಷಿನ್ನಿಗೆ ಕರೆಂಟು ಎಲ್ಲಿಂದ ಕೊಟ್ಟಿದ್ದೀರಿ? ವೈರು ಎಷ್ಟು ಉದ್ದ, ಎಷ್ಟು ದಪ್ಪ?

ಹಾನುಬಾಳು_ಹುಡುಗ
ಮನೆಯಿಂದಲೇ. ಶೆಡ್ಡು ಕಣದ ಆಚೆ ಇದೆ. ಪಂಪಿಗೆ ಅಂತ ತಂದಿದ್ದ 1 ಎಂಎಂ ವೈರು ಇತ್ತು, ಎಳೆದಿದ್ದೇನೆ. ಸುಮಾರು 50 ಮೀಟರು. ಉಳಿದಿದ್ದು ಸುರುಳಿ ಸುತ್ತಿ ಇಟ್ಟಿದ್ದೇನೆ. ಮಧ್ಯೆ ಜಾಯಿಂಟ್ ಇದೆ, ಟೇಪ್ ಸುತ್ತಿದ್ದೇನೆ.

ಅರಸೀಕೆರೆ_ವೈರ್‌ಮನ್
ಅಯ್ಯೋ ಶಿವನೇ. ಇದನ್ನು ಮೊದಲ ಸಾಲಿನಲ್ಲೇ ಹೇಳೋದಲ್ವಾ! ಮೀಟರ್ ತಗೊಂಡು ಎರಡು ಕಡೆ ನೋಡಿ: ಮೇನ್ ಬೋರ್ಡಿನಲ್ಲಿ ಎಷ್ಟು, ಮೆಷಿನ್ ಪ್ಲಗ್ಗಿನಲ್ಲಿ ಎಷ್ಟು. ಸುಮ್ನೆ ಇದ್ದಾಗ ನೋಡಿದರೆ ಏನೂ ಗೊತ್ತಾಗಲ್ಲ. ಇನ್ನೊಬ್ಬರು ರಾಡು ಹಚ್ಚಿದಾಗ ನೋಡಬೇಕು. ಕೈ ಒದ್ದೆ ಇರಬಾರದು, ಕಾಲಲ್ಲಿ ಚಪ್ಪಲಿ ಇರಲಿ.

ಕೊಟ್ಟಿಗೆಹಾರದ_ಮಾವ
ವೋಲ್ಟೇಜ್ ಕಮ್ಮಿ ಇದ್ದರೂ ಒಣಗಿದ ರಾಡು ಹತ್ತುತ್ತದೆ. ನಾವು ಮಾಡಿಲ್ವಾ?

ಹಾನುಬಾಳು_ಹುಡುಗ
ತಮ್ಮನನ್ನು ನಿಲ್ಲಿಸಿ ನೋಡಿದೆ. ಬೋರ್ಡಿನಲ್ಲಿ 212 ಇತ್ತು, ರಾಡು ಹಚ್ಚಿದಾಗ 203. ಮೆಷಿನ್ ಹತ್ತಿರ ರಾಡು ಹಚ್ಚಿದಾಗ 160. ಜಾಯಿಂಟ್ ಇರುವ ಕಡೆ ಟೇಪು ಮೆತ್ತಗಾಗಿ ಅಂಟು ಇಳಿಯುತ್ತಿದೆ.

ಅರಸೀಕೆರೆ_ವೈರ್‌ಮನ್
ಸಿಕ್ಕಿತಲ್ಲ. ಲೆಕ್ಕ ನೋಡಿ. 50 ಮೀಟರ್ ವೈರು ಅಂದರೆ ಕರೆಂಟು ಹೋಗಿ ಬರುವ ದಾರಿ 100 ಮೀಟರ್. 1 ಸ್ಕ್ವೇರ್ ಎಂಎಂ ತಾಮ್ರಕ್ಕೆ ಅದು ಸುಮಾರು 1.8 ಓಮ್ ಆಗುತ್ತದೆ. ಮೆಷಿನ್ 20 ಆಂಪ್ ಎಳೆದರೆ 36 ವೋಲ್ಟು ದಾರಿಯಲ್ಲೇ ಖಾಲಿ. ಉಳಿದ ಏಳು ವೋಲ್ಟು ಆ ಜಾಯಿಂಟ್ ತಿಂದಿದೆ. ವೋಲ್ಟೇಜ್ ಇಳಿದಷ್ಟೂ ಇನ್ವರ್ಟರ್ ಇನ್ನೂ ಜಾಸ್ತಿ ಆಂಪ್ ಎಳೆಯುತ್ತದೆ, ಅದರಿಂದ ಇನ್ನೂ ಇಳಿಯುತ್ತದೆ. ಕೊನೆಗೆ ಮೆಷಿನ್ನಿಗೆ ಆರ್ಕ್ ಹಿಡಿದು ನಿಲ್ಲಿಸಲು ಆಗಲ್ಲ. ಅದೇ ಜಾಗಕ್ಕೆ 4 ಸ್ಕ್ವೇರ್ ಎಂಎಂ ಎಳೆದರೆ 9 ವೋಲ್ಟು ಮಾತ್ರ ಹೋಗುತ್ತದೆ. ಸುರುಳಿ ಸುತ್ತಿಟ್ಟಿದ್ದನ್ನು ಈಗಲೇ ಬಿಚ್ಚಿ, ಒಳಗೆ ಬಿಸಿಯಾಗಿ ಕರಗುತ್ತದೆ. ಪ್ಲಗ್ 16 ಆಂಪಿಂದೇ ಇರಲಿ. ಅರ್ಥ್ ವೈರೂ ಜೊತೆಗೆ ಬರಲಿ.

ಕಡೂರು_ಗ್ಯಾರೇಜ್
ಅಷ್ಟುದ್ದ 4 ಸ್ಕ್ವೇರಿಗೆ ದುಡ್ಡು ಎಷ್ಟಾಗುತ್ತದೆ ಗೊತ್ತಾ? ವೈರ್ ಬದಲು ಮೆಷಿನ್ನನ್ನೇ ಮನೆ ಹತ್ತಿರ ಇಡಿ, ಹೋಲ್ಡರ್ ಕೇಬಲ್ ಉದ್ದ ಮಾಡಿ.

ಅರಸೀಕೆರೆ_ವೈರ್‌ಮನ್
80 ಆಂಪ್ ಹರಿಯುವ ಕೇಬಲ್ಲನ್ನು 50 ಮೀಟರ್ ಎಳೆಯುವುದು ಇನ್ನೂ ದುಬಾರಿ. ಅದಕ್ಕಿಂತ ಪೈಪನ್ನೇ ಮನೆ ಅಂಗಳಕ್ಕೆ ತಂದು ಮಾಡಲಿ. ಸದ್ಯಕ್ಕೆ ಹಾಗೆ ಪರೀಕ್ಷೆ ಮಾಡಿ ನೋಡಿ, ಆಮೇಲೆ ವೈರು ತನ್ನಿ.

ಹಾನುಬಾಳು_ಹುಡುಗ
ಅಂಗಳದಲ್ಲೇ ಮಾಡಿದೆ. 2.5 ರಾಡು ತಂದೆ. ಬೆಂಕಿ ಹತ್ತಿದ ಹಾಗೆ ಹತ್ತಿತು! ಅಂಗಡಿಯವರು ವೈರ್ ವಿಷಯ ಮೊದಲೇ ಹೇಳಬಾರದಿತ್ತಾ? ಆದರೆ ಈಗ ಇನ್ನೊಂದು ರಗಳೆ. ಪೈಪಿಗೆ ತೂತು ಬೀಳುತ್ತಿದೆ. ಜೊತೆಗೆ ಬಿಳಿ ಹೊಗೆ ಏಳುತ್ತದೆ, ಬಿಳಿ ಹತ್ತಿಯಂಥದ್ದು ಹಾರಾಡುತ್ತದೆ.

ಐಟಿಐ_ಮೇಷ್ಟ್ರು
ಆಂಪ್ ಇನ್ನೂ 130ರಲ್ಲೇ ಇದೆಯಾ? ಈಗ ಮೆಷಿನ್ನಿಗೆ ಪೂರ್ತಿ ಕರೆಂಟು ಸಿಗುತ್ತಿದೆ. 60-70ಕ್ಕೆ ಇಳಿಸಿ. ಹೋಲ್ಡರನ್ನು ಮೈನಸ್ಸಿಗೆ, ಅರ್ಥ್ ಕ್ಲಾಂಪನ್ನು ಪ್ಲಸ್ಸಿಗೆ ಹಾಕಿ. ತೆಳು ಪೈಪಿಗೆ ಹಾಗೆ ಹಾಕಿದರೆ ವೆಲ್ಡ್ ಒಳಕ್ಕೆ ಕಮ್ಮಿ ಇಳಿಯುತ್ತದೆ, 6013 ಎರಡಕ್ಕೂ ಒಗ್ಗುತ್ತದೆ. ಉದ್ದಕ್ಕೆ ಎಳೆಯಬೇಡಿ. ನಾಲ್ಕೂ ಮೂಲೆಗೆ ಟ್ಯಾಕ್ (ಚುಕ್ಕಿಯಷ್ಟು ವೆಲ್ಡ್) ಹಾಕಿ, ಮೂಲೆಮಟ್ಟ ಇಟ್ಟು ನೋಡಿ, ಆಮೇಲೆ ಎದುರು ಬದುರು ಮೂಲೆಯಲ್ಲಿ ಸ್ವಲ್ಪ ಸ್ವಲ್ಪ ತುಂಬಿ. ಇಲ್ಲದಿದ್ದರೆ ಗೇಟು ಸೊಟ್ಟಗಾಗುತ್ತದೆ.

ಬಿಳಿ ಹೊಗೆ ಅಂದರೆ ನಿಮ್ಮದು "ಮಾಮೂಲಿ" ಪೈಪಲ್ಲ, ಜಿಐ, ಅಂದರೆ ಸತು ಲೇಪಿಸಿದ ಕಬ್ಬಿಣ. ಸತು 907 ಡಿಗ್ರಿಗೇ ಕುದಿಯುತ್ತದೆ, ಕಬ್ಬಿಣ ಕರಗಲು 1500ರ ಆಸುಪಾಸು ಬೇಕು. ಹಾಗಾಗಿ ಸತುವೆಲ್ಲ ಹೊಗೆಯಾಗಿ ನಿಮ್ಮ ಮೂಗಿಗೆ ಬರುತ್ತದೆ. ಸಂಜೆಗೆ ಚಳಿ ಜ್ವರ, ಮೈಕೈ ನೋವು, ಬಾಯಲ್ಲಿ ಸಿಹಿ ಲೋಹದ ರುಚಿ. ವೆಲ್ಡ್ ಆಗುವ ಜಾಗದ ಸುತ್ತ ಒಂದಿಂಚು ಸತುವನ್ನು ಗ್ರೈಂಡರ್‌ನಲ್ಲಿ ತೆಗೆಯಿರಿ. ಮಾಸ್ಕ್ ಹಾಕಿ, ಗಾಳಿ ಬೆನ್ನಿಗಲ್ಲ, ಪಕ್ಕದಿಂದ ಬರುವಂತೆ ನಿಂತುಕೊಳ್ಳಿ. ಕೆಲಸ ಮುಗಿದ ಮೇಲೆ ಆ ಜಾಗಕ್ಕೆ ಝಿಂಕ್ ಪೇಂಟ್ ಹೊಡೆಯಿರಿ.

ಕಡೂರು_ಗ್ಯಾರೇಜ್
ಒಂದು ಲೋಟ ಹಾಲು ಕುಡಿದರೆ ಆಯಿತು. ನಮ್ಮಲ್ಲಿ ಎಲ್ಲ ವೆಲ್ಡರುಗಳೂ ಕುಡಿಯುತ್ತಾರೆ.

ಐಟಿಐ_ಮೇಷ್ಟ್ರು
ಹಾಲು ಹೊಟ್ಟೆಗೆ ಹೋಗುತ್ತದೆ, ಹೊಗೆ ಶ್ವಾಸಕೋಶಕ್ಕೆ ಹೋಗುತ್ತದೆ. ಕುಡಿಯಬೇಡಿ ಅಂತಲ್ಲ, ಕುಡಿದೆ ಅಂತ ಹೊಗೆಯಲ್ಲಿ ಕೂರಬೇಡಿ.

ಹಾನುಬಾಳು_ಹುಡುಗ
ಆಯ್ತು ಸಾರ್. ಕಣ್ಣಿಗೆ ಈಗ ಕೈಯಲ್ಲಿ ಹಿಡಿಯುವ ಕನ್ನಡಿ ಇದೆ. ಹೆಲ್ಮೆಟ್ ಬೇಕೇ ಬೇಕಾ?

ಐಟಿಐ_ಮೇಷ್ಟ್ರು
ಕನ್ನಡಿ ಸಾಕು, ಗ್ಲಾಸ್ ನಂಬರ್ 10 ಅಥವಾ 11 ಇರಲಿ. ಆದರೆ ಹೊಸಬರಿಗೆ ಎರಡೂ ಕೈ ಖಾಲಿ ಇದ್ದರೆ ಬೇಗ ಕೈ ಕೂರುತ್ತದೆ. ಹಾಗಾಗಿ ಹೆಲ್ಮೆಟ್ ತಗೊಂಡರೆ ಒಳ್ಳೆಯದು. ಚರ್ಮದ ಗ್ಲೌಸ್, ಹತ್ತಿ ಬಟ್ಟೆಯ ತುಂಬು ತೋಳಿನ ಅಂಗಿ. ಪಾಲಿಯೆಸ್ಟರ್ ಹಾಕಿದರೆ ಕಿಡಿ ಬಿದ್ದ ಕಡೆ ಮೈಗೇ ಅಂಟುತ್ತದೆ. ಗ್ರೈಂಡರ್ ಗಾರ್ಡ್ ತೆಗೆಯಬೇಡಿ.

ಐಜಿರೋಡ್_ವರ್ಕ್‌ಶಾಪ್
ಗಾರ್ಡ್ ಇದ್ದರೆ ಮೂಲೆಯಲ್ಲಿ ವೀಲ್ ಹೋಗಲ್ಲ ಸಾರ್. ನಾನು ಹಾಕೋದೇ ಇಲ್ಲ.

ಐಟಿಐ_ಮೇಷ್ಟ್ರು
ನಿಮ್ಮ ಫೋಟೋ ಬೇಡ ಅಂದಿದ್ದೇ ಒಳ್ಳೆಯದಾಯಿತು.

ಅರಸೀಕೆರೆ_ವೈರ್‌ಮನ್
ಗೇಟಿನ ಕಂಬಕ್ಕೆ ಏನು ಹಾಕುತ್ತೀರಿ? ಸಕಲೇಶಪುರದ ಕಡೆ ಆನೆ ಬರುತ್ತದಲ್ಲ.

ಹಾನುಬಾಳು_ಹುಡುಗ
ಅದಕ್ಕೇ ಹಳೇ ಗೇಟು ಹೋಗಿದ್ದು. 16 ಗೇಜಿನದಕ್ಕೆ ಆನೆ ತಲೆ ಒರಗಿಸಿದರೆ ಮುಗಿಯಿತು. ಇದು ದನ ಒಳಗೆ ಬರದಿರಲಿ ಅಂತ ಅಷ್ಟೇ.

ಕೊಟ್ಟಿಗೆಹಾರದ_ಮಾವ
ಆನೆಗೆ ಅರಣ್ಯ ಇಲಾಖೆಯವರು ರೈಲು ಕಂಬಿಯನ್ನೇ ನಿಲ್ಲಿಸುತ್ತಾರೆ. ಅದು ಬಿಡಿ. ಹೊಸ ರಾಡಿನ ಪ್ಯಾಕೆಟ್ ಎಲ್ಲಿಟ್ಟಿದ್ದೀರಿ?

ಹಾನುಬಾಳು_ಹುಡುಗ
ಬಚ್ಚಲ ಒಲೆ ಪಕ್ಕ, ಮಾವ.

ಕಡೂರು_ಗ್ಯಾರೇಜ್
ಆ 10 ಗೇಜ್ ರಾಡು ಉಳಿದಿದ್ದರೆ ನನಗೆ ಕೊಡಿ. ಕಡೂರು ಕಡೆ ಬಂದಾಗ ತನ್ನಿ, ಅರ್ಧ ರೇಟು ಕೊಡುತ್ತೇನೆ.