ಸಹಾಯ ಬೇಕು: ಗರ್ಭಕಂಠದ ಕ್ಯಾನ್ಸರ್‌ಗೆ ಎಚ್‌ಐವಿ ಮಾತ್ರೆ, ಗೊತ್ತಿರುವವರು ಹೇಳಿ

ನಮಸ್ಕಾರ. ನನ್ನ ಚಿಕ್ಕಮ್ಮನಿಗೆ ಗರ್ಭಕಂಠದ ಕ್ಯಾನ್ಸರ್, ಮೂರನೇ ಸ್ಟೇಜ್. ಮುಂದಿನ ವಾರ ರೇಡಿಯೇಶನ್ ಶುರು, ಜೊತೆಗೆ ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್ ಎಂಬ ಕೀಮೋ ಔಷಧಿ. ಅದನ್ನು ಬಿಡುವ ಮಾತೇ ಇಲ್ಲ.

ಸಂಬಂಧಿಕರೊಬ್ಬರು "ಎಚ್‌ಐವಿ ಮಾತ್ರೆಯಲ್ಲೇ ವಾಸಿ ಆಗುತ್ತಂತೆ" ಅಂತ ಮೆಸೇಜ್ ಕಳಿಸಿದ್ದಾರೆ. ಓದಿ ನೋಡಿದೆ. ಕೀನ್ಯಾದಲ್ಲಿ ಲೋಪಿನಾವಿರ್-ರಿಟೋನಾವಿರ್ ಎಂಬ ಎಚ್‌ಐವಿ ಔಷಧಿಯ ಕ್ಯಾಪ್ಸೂಲನ್ನು ಯೋನಿಯೊಳಗೆ ಇಟ್ಟು ಪರೀಕ್ಷಿಸಿದ್ದು ನಿಜ. ಆದರೆ ಅದು ಕ್ಯಾನ್ಸರ್ ಆಗುವ ಮೊದಲಿನ ಹಂತಕ್ಕೆ, ಚಿಕ್ಕಮ್ಮನ ಸ್ಥಿತಿಗಲ್ಲ. ದಯವಿಟ್ಟು ಆ ಮೆಸೇಜನ್ನು ಯಾರೂ ಸುಮ್ನೆ ಫಾರ್ವರ್ಡ್ ಮಾಡಬೇಡಿ.

ನನಗೆ ಆಸೆ ಹುಟ್ಟಿಸಿದ್ದು ನೆಲ್ಫಿನಾವಿರ್. ಇದೂ ಹಳೆಯ ಎಚ್‌ಐವಿ ಮಾತ್ರೆ. ಕ್ಯಾನ್ಸರ್ ಕೋಶ ಬದುಕಲು ಬಳಸುವ ಎಕೆಟಿ ಎಂಬ ಸಿಗ್ನಲನ್ನು ತಡೆಯುತ್ತದೆ, ಆಗ ರೇಡಿಯೇಶನ್ ಏಟು ಜಾಸ್ತಿ ತಾಗಬಹುದು ಅನ್ನುವ ಲೆಕ್ಕ. ಮುಂಬೈನ ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆಯವರು ಇದನ್ನು ಕೀಮೋ-ರೇಡಿಯೇಶನ್ ಜೊತೆ ಕೊಟ್ಟು ದೊಡ್ಡ ಟ್ರಯಲ್ (ರೋಗಿಗಳಿಗೆ ಕೊಟ್ಟು ನೋಡುವ ಪರೀಕ್ಷೆ) ಮಾಡಿದ್ದಾರೆ.

ನಿಮ್ಮ ಮನೆಯವರು ಯಾರಾದರೂ ಅದರಲ್ಲಿ ಇದ್ದರಾ? ಭೇದಿ ಎಷ್ಟು ಕಾಡಿತು? ಹೊಟ್ಟೆಯ ಕೆಳಭಾಗದ ರೇಡಿಯೇಶನ್‌ಗೂ ಭೇದಿ ಆಗುತ್ತದೆ, ಈ ಮಾತ್ರೆಗೂ ಆಗುತ್ತದೆ, ಎರಡೂ ಸೇರಿದರೆ ಚಿಕ್ಕಮ್ಮ ತಡೆದುಕೊಳ್ಳುತ್ತಾರಾ ಅನ್ನೋದೇ ನನ್ನ ಭಯ. ಬಿಪಿಗೆ ಆಮ್ಲೋಡಿಪಿನ್ ಬೇರೆ ತಗೊಳ್ತಾರೆ, ಅದರ ಪ್ರಮಾಣವನ್ನು ನೆಲ್ಫಿನಾವಿರ್ ರಕ್ತದಲ್ಲಿ ಏರಿಸಬಹುದು.

ಗುಂಪಿನಲ್ಲಿ ಆಂಕಾಲಜಿ ಡಾಕ್ಟರ್, ನರ್ಸ್ ಇದ್ದರೆ, ಈಗ ಕರ್ನಾಟಕದಲ್ಲಿ ಇಂಥ ಟ್ರಯಲ್‌ಗೆ ಸೇರಿಸಿಕೊಳ್ತಿದ್ದಾರಾ ತಿಳಿಸಿ. ನಮ್ಮ ಡಾಕ್ಟರ ಹತ್ತಿರ ಏನೇನು ಕೇಳಬೇಕು ಅಂತಲೂ ಹೇಳಿ. ರೇಡಿಯೇಶನ್ ಶುರುವಾಗುವ ಮೊದಲೇ ಗೊತ್ತಾದರೆ ತುಂಬಾ ಉಪಕಾರ.