ಪಿಗ್ಮಿ ಸಂಗ್ರಾಹಕರನ್ನು ಕೈಬಿಟ್ಟು ಆ್ಯಪ್‌ಗೆ ಹೋಗಬಹುದೇ? ಸಣ್ಣ ಸಹಕಾರಿಯೊಂದರ ಪ್ರಶ್ನೆ

ಪ್ರಶ್ನೆ: ಕರಾವಳಿಯ ನಿರ್ದೇಶಕ

ಉಡುಪಿ ಜಿಲ್ಲೆಯ ಒಂದು ಸಣ್ಣ ಸೌಹಾರ್ದ ಸಹಕಾರಿಯ ಆಡಳಿತ ಮಂಡಳಿಯಲ್ಲಿ ನಾನು ಎರಡನೆಯ ಅವಧಿಗೆ ನಿರ್ದೇಶಕನಾಗಿದ್ದೇನೆ. ನಮ್ಮಲ್ಲಿ ಮೂರು ಶಾಖೆಗಳಿವೆ, ಪಿಗ್ಮಿ, ಅಂದರೆ ದಿನವೂ ಸ್ವಲ್ಪ ಸ್ವಲ್ಪ ಕಟ್ಟುವ ಠೇವಣಿಯನ್ನು ಸಂಗ್ರಹಿಸುವ ಹನ್ನೊಂದು ಮಂದಿಯಿದ್ದಾರೆ. ಅಂಗಡಿ ಅಂಗಡಿಗೆ ಹೋಗಿ ಹಣ ತರುವುದನ್ನು ಮುಂದಿನ ಏಪ್ರಿಲ್‌ನಿಂದ ನಿಲ್ಲಿಸಿ, ಸದಸ್ಯರೇ ಮೊಬೈಲ್ ಆ್ಯಪ್‌ನಲ್ಲಿ ದಿನದ ಪಿಗ್ಮಿ ಕಟ್ಟುವಂತೆ ಮಾಡಬೇಕೆಂದು ಅಧ್ಯಕ್ಷರು ಕಳೆದ ಸಭೆಯಲ್ಲಿ ಪ್ರಸ್ತಾಪಿಸಿದರು. ಅವರ ಲೆಕ್ಕವನ್ನು ತಳ್ಳಿಹಾಕುವಂತಿಲ್ಲ. ಸಂಗ್ರಹವಾದ ಪ್ರತಿ ನೂರು ರೂಪಾಯಿಗೆ ಮೂರು ರೂಪಾಯಿ ಕಮಿಷನ್ ಹೋಗುತ್ತದೆ, ಅದರ ಮೇಲೆ ಠೇವಣಿದಾರರಿಗೆ ಬಡ್ಡಿಯನ್ನೂ ಕೊಡಬೇಕು. ಯುಪಿಐ ಬಂದ ಮೇಲೆ ವ್ಯಾಪಾರದ ಹಣ ನೇರವಾಗಿ ಬ್ಯಾಂಕ್ ಖಾತೆಗೆ ಸೇರುವುದರಿಂದ ಸಂಜೆಯ ಹೊತ್ತಿಗೆ ಗಲ್ಲಾಪೆಟ್ಟಿಗೆಯಲ್ಲಿ ನೋಟುಗಳೇ ಉಳಿಯುವುದಿಲ್ಲ. ಹೀಗಾಗಿ ಸಂಗ್ರಹವೂ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ.

ಆದರೂ ನನ್ನ ಮನಸ್ಸು ಒಪ್ಪುತ್ತಿಲ್ಲ. ಹನ್ನೊಂದು ಮಂದಿಯ ಮೇಲಿನ ಕನಿಕರವಷ್ಟೇ ಇದಕ್ಕೆ ಕಾರಣವೋ, ವ್ಯವಹಾರದ ದೃಷ್ಟಿಯಿಂದಲೂ ಆ ನಿರ್ಧಾರ ತಪ್ಪೋ ಎಂಬುದನ್ನು ಅನುಭವಿಗಳು ತಿಳಿಸಬೇಕೆಂದು ವಿನಂತಿ.

ಉತ್ತರ 1: ನಿವೃತ್ತ ಶಾಖಾ ವ್ಯವಸ್ಥಾಪಕ

ತಮ್ಮ ಜಿಲ್ಲೆಯಲ್ಲಿಯೇ ಹುಟ್ಟಿದ ಪದ್ಧತಿಯಿದು. 1925ರಲ್ಲಿ ಉಡುಪಿಯಲ್ಲಿ ಟಿ.ಎಂ.ಎ. ಪೈ, ಉಪೇಂದ್ರ ಪೈ ಮತ್ತು ವಾಮನ ಕುಡ್ವ ಅವರು 8,000 ರೂಪಾಯಿ ಬಂಡವಾಳದಲ್ಲಿ ಆರಂಭಿಸಿದ ಸಂಸ್ಥೆ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. ಅದು 1928ರಲ್ಲಿ ಪಿಗ್ಮಿಯನ್ನು ತಂದಾಗ ದಿನಕ್ಕೆ ಎರಡಾಣೆ ಕಟ್ಟಿದರೂ ಸಾಕಿತ್ತು. ಎರಡಾಣೆಗಾಗಿ ಯಾರೂ ಕೆಲಸ ಬಿಟ್ಟು ಬ್ಯಾಂಕಿಗೆ ನಡೆದು ಬರುವುದಿಲ್ಲ ಎಂಬುದನ್ನು ಅರಿತೇ ಬ್ಯಾಂಕನ್ನು ಅವರ ಬಾಗಿಲಿಗೆ ಕಳುಹಿಸಿದರು. ಪಿಗ್ಮಿಯಲ್ಲಿ ಗ್ರಾಹಕ ಕೊಳ್ಳುವುದು ಆ ಬರುವಿಕೆಯನ್ನೇ. ಮೂರು ರೂಪಾಯಿ ಅದರ ಬೆಲೆ.

ಇನ್ನೊಂದು ವಿಷಯ ಲೆಕ್ಕಪತ್ರದಲ್ಲಿ ಕಾಣಿಸುವುದಿಲ್ಲ. ನಾನು ಶಾಖೆಯಲ್ಲಿದ್ದಾಗ ಒಬ್ಬ ಸಂಗ್ರಾಹಕರು ಸಂಜೆ ಹಣ ಎಣಿಸಿ ಕೊಡುತ್ತಾ, ಬಸ್ ನಿಲ್ದಾಣದ ಹೋಟೆಲಿನವರು ನಾಲ್ಕು ದಿನದಿಂದ “ನಾಳೆ ಬನ್ನಿ” ಅನ್ನುತ್ತಿದ್ದಾರೆ, ಅಡುಗೆಯವನೂ ಬಿಟ್ಟುಹೋದನಂತೆ ಎಂದರು. ಆ ಹೋಟೆಲಿನ ಸಾಲ ಸುಸ್ತಿಯಾಗಲು ಇನ್ನೂ ಎರಡು ತಿಂಗಳಿತ್ತು. ಮರುದಿನವೇ ಹೋಗಿ ಮಾತನಾಡಿ ಕಂತನ್ನು ಇಳಿಸಿಕೊಟ್ಟದ್ದರಿಂದ ಆ ಸಾಲ ಸುಸ್ತಿಯಾಗದೆ ಉಳಿಯಿತು. ಆ್ಯಪ್ ಹಣ ಬಂದಿಲ್ಲ ಎಂದಷ್ಟೇ ಹೇಳುತ್ತದೆ, ಅಡುಗೆಯವನು ಬಿಟ್ಟ ಸುದ್ದಿಯನ್ನು ತರುವುದಿಲ್ಲ.

ಕಾನೂನಿನ ಕಡೆಗೂ ಗಮನವಿರಲಿ. ಬ್ಯಾಂಕುಗಳ ಠೇವಣಿ ಸಂಗ್ರಾಹಕರು ಆಗಿನ ಕೈಗಾರಿಕಾ ವಿವಾದ ಕಾಯ್ದೆಯ ಅರ್ಥದಲ್ಲಿ ಕಾರ್ಮಿಕರೇ ಎಂದು ಸುಪ್ರೀಂ ಕೋರ್ಟ್ 2001ರಲ್ಲಿ ತೀರ್ಪು ಕೊಟ್ಟಿದೆ. ಕಮಿಷನ್ ಏಜೆಂಟರು ತಾನೇ, ಒಂದು ಪತ್ರ ಕೊಟ್ಟು ಕಳುಹಿಸಿದರಾಯಿತು ಎಂದುಕೊಳ್ಳುವ ಮೊದಲು ವಕೀಲರನ್ನು ಕಾಣುವುದು ಒಳ್ಳೆಯದು.

ಉತ್ತರ 2: ಲೆಕ್ಕಪರಿಶೋಧಕ

ಮೇಲಿನ ಹಿರಿಯರ ಮಾತಿಗೆ ಗೌರವವಿದೆ, ಆದರೆ ಚಿತ್ರದ ಇನ್ನೊಂದು ಮಗ್ಗುಲನ್ನು ನಾನು ನೋಡಿದ್ದೇನೆ. ನಾನು ಲೆಕ್ಕ ಪರಿಶೀಲಿಸಿದ ಒಂದು ಸಂಘದಲ್ಲಿ ಸಂಗ್ರಾಹಕನೊಬ್ಬ ಸದಸ್ಯರ ಕಾರ್ಡಿನಲ್ಲಿ ನೂರು ಬರೆದು ಕಚೇರಿಗೆ ಅರವತ್ತು ಕಟ್ಟುತ್ತಿದ್ದ. ಎಂಟು ತಿಂಗಳು ಯಾರಿಗೂ ಗೊತ್ತಾಗಲಿಲ್ಲ, ಏಕೆಂದರೆ ಕಾರ್ಡನ್ನೂ ಲೆಡ್ಜರನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವ ಕೆಲಸ ಯಾರ ಪಾಲಿಗೂ ಬಂದಿರಲಿಲ್ಲ. ಮಗಳ ಮದುವೆಗೆಂದು ಹಣ ತೆಗೆಯಲು ಬಂದ ಒಬ್ಬ ಕ್ಷೌರಿಕರಿಂದ ವಿಷಯ ಹೊರಬಿತ್ತು. ಪತ್ತಿನ ಸಹಕಾರಿಗಳ ಠೇವಣಿಗೆ ಬ್ಯಾಂಕುಗಳಿಗಿರುವಂತೆ ಐದು ಲಕ್ಷದವರೆಗಿನ ವಿಮಾ ರಕ್ಷಣೆಯಿಲ್ಲ. ಇಂತಹ ಒಂದು ಸುದ್ದಿ ಪೇಟೆಯಲ್ಲಿ ಹಬ್ಬಿದರೆ ಮರುದಿನ ಬೆಳಿಗ್ಗೆ ಶಾಖೆಯ ಮುಂದೆ ಸಾಲು ನಿಲ್ಲುತ್ತದೆ.

ಆದ್ದರಿಂದ ಜನರನ್ನು ಉಳಿಸಿಕೊಳ್ಳುವುದಾದರೆ ಕಾರ್ಡನ್ನು ಉಳಿಸಿಕೊಳ್ಳಬೇಡಿ. ಹಣ ಪಡೆದ ಕ್ಷಣವೇ ರಸೀದಿ ಕೊಡುವ ಮೆಷಿನ್, ಸದಸ್ಯರ ಮೊಬೈಲಿಗೆ ಸಂದೇಶ, ತಿಂಗಳಿಗೊಮ್ಮೆ ಬೇರೊಬ್ಬ ಸಿಬ್ಬಂದಿಯಿಂದ ಬಾಕಿಯ ದೃಢೀಕರಣ, ಇಷ್ಟಂತೂ ಇರಲೇಬೇಕು.

ಉತ್ತರ 3: ನಿರ್ವಹಣಾ ಶಾಸ್ತ್ರದ ಉಪನ್ಯಾಸಕಿ

ಇಂಡೋನೇಷ್ಯಾದ ಬ್ಯಾಂಕ್ ರಾಕ್ಯಾತ್‌ನ ಕಥೆಯನ್ನು ತರಗತಿಯಲ್ಲಿ ನಾನು ಮತ್ತೆ ಮತ್ತೆ ಹೇಳುತ್ತಿರುತ್ತೇನೆ. ಈ ಸರ್ಕಾರಿ ಬ್ಯಾಂಕಿನ ಗ್ರಾಮೀಣ ಘಟಕಗಳು ಭತ್ತದ ಬೆಳೆಗೆ ರಿಯಾಯಿತಿ ಸಾಲ ಹಂಚುವುದಕ್ಕಾಗಿಯೇ ಇದ್ದವು. ಎಂಬತ್ತರ ದಶಕದ ಆರಂಭದ ಹೊತ್ತಿಗೆ ಸಾಲ ಮರಳದೆ ನಷ್ಟ ಬೆಳೆದು, ಘಟಕಗಳನ್ನು ಮುಚ್ಚಬೇಕೇ ಎಂಬ ಪ್ರಶ್ನೆ ಎದ್ದಿತು. 1983ರಲ್ಲಿ ಬಡ್ಡಿದರದ ನಿಯಂತ್ರಣ ಸಡಿಲವಾದ ಮೇಲೆ ಬ್ಯಾಂಕು ಘಟಕಗಳನ್ನು ಉಳಿಸಿಕೊಂಡು ಅವುಗಳ ಕೆಲಸವನ್ನು ಬದಲಿಸಿತು. 1984ರಲ್ಲಿ ಕುಪೆಡೆಸ್ ಎಂಬ ಸಾಲ ಬಂತು; ಬಡ್ಡಿ ಮಾರುಕಟ್ಟೆಯ ದರದ್ದೇ, ಆದರೆ ಸಕಾಲದಲ್ಲಿ ಕಟ್ಟಿದವರಿಗೆ ಅದರ ಒಂದು ಪಾಲು ಮರಳುತ್ತಿತ್ತು. 1986ರಲ್ಲಿ ಸಿಂಪೆಡೆಸ್ ಎಂಬ ಉಳಿತಾಯ ಖಾತೆ ದೇಶದಾದ್ಯಂತ ಬಂತು. ಬೇಕೆಂದಾಗ ಬೇಕಾದಷ್ಟು ಸಲ ಹಣ ತೆಗೆಯಲು ಅವಕಾಶವಿತ್ತು. ಕೆಲವೇ ವರ್ಷಗಳಲ್ಲಿ ಘಟಕಗಳ ಠೇವಣಿ ಅವು ಕೊಟ್ಟ ಸಾಲವನ್ನು ಮೀರಿತು. 1997–98ರ ಆರ್ಥಿಕ ಬಿಕ್ಕಟ್ಟಿನಲ್ಲಿ ಆ ದೇಶದ ದೊಡ್ಡ ಬ್ಯಾಂಕುಗಳು ಕುಸಿಯುತ್ತಿದ್ದಾಗಲೂ ಈ ಘಟಕಗಳಿಗೆ ಠೇವಣಿ ಹರಿದುಬಂತು.

ಬದಲಾವಣೆಯ ತಿರುಳು ಲೆಕ್ಕ ಬರೆಯುವ ರೀತಿಯಲ್ಲಿತ್ತು. ಪ್ರತಿ ಘಟಕಕ್ಕೂ ತನ್ನದೇ ಲಾಭನಷ್ಟದ ಪಟ್ಟಿ ಇತ್ತು. ಹೆಚ್ಚುವರಿ ಠೇವಣಿಯನ್ನು ಮೇಲಿನ ಶಾಖೆಗೆ ಕಳುಹಿಸಿದರೆ ಅದಕ್ಕೆ ಬಡ್ಡಿ ಸಿಗುತ್ತಿತ್ತು, ಲಾಭದಲ್ಲಿ ಸಿಬ್ಬಂದಿಗೂ ಪಾಲಿತ್ತು. ತಮ್ಮ ಸಹಕಾರಿಯಲ್ಲಿ ಸಂಗ್ರಾಹಕರ ಕಮಿಷನ್ ಖರ್ಚಿನ ಕಲಮಿನಲ್ಲಿ ಒಟ್ಟಾಗಿ ಬೀಳುತ್ತದೆ ಎಂದು ಊಹಿಸುತ್ತೇನೆ. ಅವರು ತಂದ ಠೇವಣಿ, ಅವರು ಪರಿಚಯಿಸಿದ ಸಾಲಗಾರರು, ಆ ಸಾಲಗಳ ಮರುಪಾವತಿ, ಇವನ್ನು ಒಬ್ಬೊಬ್ಬರ ಹೆಸರಿನಲ್ಲಿ ಬರೆದು ನೋಡಿ. ಹನ್ನೊಂದರಲ್ಲಿ ಮೂವರು ನಿಜಕ್ಕೂ ಹೊರೆಯಾಗಿರಬಹುದು, ಉಳಿದವರಿಂದಲೇ ಸಂಸ್ಥೆ ನಡೆಯುತ್ತಿರಲೂಬಹುದು.

ಉತ್ತರ 4: ನೈರೋಬಿಯಲ್ಲಿ ದುಡಿದವ

ಚುಟುಕಾಗಿ ಒಂದು ಮಾತು. 2007ರಲ್ಲಿ ಕೀನ್ಯಾದಲ್ಲಿ ಸಫಾರಿಕಾಮ್ ಎಂಬ ದೂರವಾಣಿ ಕಂಪನಿ ಎಂ-ಪೆಸಾ ಎಂಬ ಮೊಬೈಲ್ ಹಣದ ಸೇವೆಯನ್ನು ಆರಂಭಿಸಿದಾಗ ಹಣ ಫೋನಿಗೆ ಹೋಯಿತು ಎಂಬುದನ್ನಷ್ಟೇ ಹೊರಗಿನವರು ಗಮನಿಸಿದರು. ಅಲ್ಲಿ ಇದ್ದವರಿಗೆ ಕಂಡದ್ದು ಬೀದಿ ಬೀದಿಯ ಕಿರಾಣಿ ಅಂಗಡಿಯವರು. ನೋಟು ಕೊಟ್ಟರೆ ಫೋನಿಗೆ ಹಾಕುವವರೂ ಫೋನಿನಿಂದ ನೋಟು ಕೊಡುವವರೂ ಅವರೇ. ಎರಡಕ್ಕೂ ಅವರಿಗೆ ಕಮಿಷನ್ ಇತ್ತು. ತಮ್ಮಲ್ಲಿಯೂ ಸಂಗ್ರಾಹಕರ ಪಟ್ಟಿಯಲ್ಲಿರುವ ಸದಸ್ಯರು ಯುಪಿಐನಲ್ಲಿ ಕಟ್ಟಿದರೂ ಕಡಿಮೆ ದರದ ಕಮಿಷನ್ ಅವರಿಗೇ ಸೇರಲಿ. ಆಗ ಅವರೇ ಮುಂದೆ ನಿಂತು ಆ್ಯಪ್ ಕಲಿಸುತ್ತಾರೆ. ಕಮಿಷನ್ ತಪ್ಪಿಸಿದರೆ, “ಆ್ಯಪ್ ಸರಿಯಿಲ್ಲಮ್ಮಾ, ನನ್ನ ಕೈಗೇ ಕೊಡಿ” ಎಂದು ಹೇಳುವವರೂ ಅವರೇ.

ಪ್ರಶ್ನಿಸಿದವರ ಪ್ರತಿಕ್ರಿಯೆ: ಕರಾವಳಿಯ ನಿರ್ದೇಶಕ

ಎಲ್ಲರಿಗೂ ಕೃತಜ್ಞತೆಗಳು. ಮೊನ್ನೆ ಸಂಜೆ ನಮ್ಮ ಸಂಗ್ರಾಹಕರೊಬ್ಬರ ಜೊತೆ ಎರಡು ಗಂಟೆ ಪೇಟೆ ಸುತ್ತಿದೆ. ಮೀನು ಮಾರುಕಟ್ಟೆಯ ಬಾಗಿಲಲ್ಲಿ ಮಲ್ಲಿಗೆ ಮಾರುವ ಒಬ್ಬ ಹೆಂಗಸಿನ ಬುಟ್ಟಿಗೆ ಕ್ಯೂಆರ್ ಕೋಡಿನ ಫಲಕ ಕಟ್ಟಿತ್ತು. ಹಾಗಿದ್ದರೆ ಪಿಗ್ಮಿಯನ್ನೂ ಫೋನಿನಲ್ಲಿಯೇ ಕಟ್ಟಬಹುದಲ್ಲವೇ ಅಮ್ಮಾ ಎಂದು ಕೇಳಿದೆ. ಫಲಕದ ಖಾತೆ ಮಗನದು, ಅದಕ್ಕೆ ಬಿದ್ದ ಹಣ ಅವನದು ಎಂದರು. ಸೊಂಟದ ಚೀಲದಿಂದ ಐವತ್ತರ ಒಂದು ನೋಟು ತೆಗೆದು ನಮ್ಮವರಿಗೆ ಕೊಟ್ಟರು, ಮೆಷಿನಿನ ಚೀಟಿಯನ್ನು ಮಡಚಿ ಅದೇ ಚೀಲದೊಳಗೆ ಇಟ್ಟುಕೊಂಡರು. ನಮ್ಮ ಪ್ರಸ್ತಾವದಲ್ಲಿ ಆ ಐವತ್ತು ರೂಪಾಯಿಗೆ ಜಾಗವೇ ಇರಲಿಲ್ಲ.

ಮುಂದಿನ ಸಭೆಯಲ್ಲಿ ನಾನು ಹೀಗೆ ಕೇಳಲಿದ್ದೇನೆ: ಒಂದೇ ಶಾಖೆಯಲ್ಲಿ ಆರು ತಿಂಗಳು ಎರಡೂ ದಾರಿಗಳು ತೆರೆದಿರಲಿ, ನಗದಿಗೆ ಈಗಿನ ಕಮಿಷನ್, ಯುಪಿಐಗೆ ಒಂದು ರೂಪಾಯಿ, ಲೆಕ್ಕವನ್ನು ಸಂಗ್ರಾಹಕರ ಹೆಸರಿನಲ್ಲಿಯೇ ಬರೆಯೋಣ. ಇಂತಹ ಎರಡು ದರದ ಕಮಿಷನ್ ಒಪ್ಪಂದವನ್ನು ಯಾರಾದರೂ ಮಾಡಿದ್ದರೆ ಅದರ ಷರತ್ತುಗಳನ್ನು, ಅದರಲ್ಲಿಯೂ ಸಂಗ್ರಾಹಕರು ಬದಲಾದಾಗ ಹಳೆಯ ಸದಸ್ಯರ ಕಮಿಷನ್ ಯಾರಿಗೆ ಸೇರಬೇಕು ಎಂಬುದನ್ನು, ತಿಳಿಸಿಕೊಡಬೇಕು.